ಹಗೆ ಹುಟ್ಟುವ ಬಗೆ, ಅಳಿಯುವ ಬಗೆ: ಮುಝಫ್ಫರ್ ಶರೀಫ್ ಅವರ ಬೇಸಿಗೆ ಶಿಬಿರಗಳು

ನೀವು ಕಲಿತ ಶಾಲೆಯ ಕ್ರೀಡಾಕೂಟವನ್ನು ಒಮ್ಮೆ ನೆನಪಿಸಿಕೊಳ್ಳಿ. ಕೆಂಪು ತಂಡ, ನೀಲಿ ತಂಡ, ಹಸಿರು ತಂಡ ಎಂದು ಮಾಸ್ತರರು ಹಾಜರಿ ಪುಸ್ತಕ ನೋಡಿ ಮಕ್ಕಳನ್ನು ಹಂಚಿರುತ್ತಾರೆ. ನಿನ್ನೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಬುತ್ತಿ ಹಂಚಿಕೊಂಡು ತಿಂದವರು ಇಂದು ಬೇರೆ ಬೇರೆ ಬಾವುಟದ ಕೆಳಗೆ ನಿಲ್ಲುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೀಲಿ ತಂಡದವರೆಲ್ಲ ಮೋಸಗಾರರು ಎಂದು ಕೆಂಪು ತಂಡದವರು ಮನಸ್ಸಿನಿಂದಲೇ ನಂಬಿರುತ್ತಾರೆ. ಸಂಜೆ ಬಹುಮಾನ ವಿತರಣೆ ಮುಗಿದ ಮೇಲೆ ಎಲ್ಲರೂ ಅದನ್ನು ಮರೆತು ಒಟ್ಟಿಗೆ ಮನೆಗೆ ನಡೆಯುತ್ತಾರೆ.

ಶಾಲೆಯ ಅಂಗಳದಲ್ಲಿ ಒಂದು ದಿನಕ್ಕೆ ಮುಗಿಯುವ ಈ ಜಗಳ ಊರುಗಳ ನಡುವೆ, ಸಮುದಾಯಗಳ ನಡುವೆ, ದೇಶಗಳ ನಡುವೆ ತಲೆಮಾರುಗಟ್ಟಲೆ ಉಳಿಯುವುದೇಕೆ? ಜನರು ಹುಟ್ಟುವಾಗಲೇ ಹಗೆಯನ್ನು ಹೊತ್ತು ಬರುತ್ತಾರೆಯೇ, ಅಥವಾ ಪರಿಸ್ಥಿತಿ ಅವರನ್ನು ಹಗೆಗಳನ್ನಾಗಿ ಮಾಡುತ್ತದೆಯೇ? ಹಗೆ ಹುಟ್ಟಿದ ಮೇಲೆ ಅದನ್ನು ಅಳಿಸಲು ದಾರಿ ಉಂಟೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ತನ್ನ ಜೀವಮಾನವನ್ನೇ ಮುಡಿಪಾಗಿಟ್ಟ ಮನಶ್ಶಾಸ್ತ್ರಜ್ಞರೊಬ್ಬರಿದ್ದರು. ಅವರ ಹೆಸರು ಮುಝಫ್ಫರ್ ಶರೀಫ್. ಮನಶ್ಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಈ ಹೆಸರು ಪಠ್ಯಪುಸ್ತಕದ ಒಂದು ಪುಟದಲ್ಲಿ ಎದುರಾಗುತ್ತದೆ. ಆ ಪುಟದಲ್ಲಿ ಕಾಣದ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಇಝ್ಮಿರ್‌ನ ಬಾಲಕ

ಶರೀಫ್ ಹುಟ್ಟಿದ್ದು 1906ರಲ್ಲಿ, ಉಸ್ಮಾನಿಯಾ ಸಾಮ್ರಾಜ್ಯದ ಇಝ್ಮಿರ್ ಪ್ರಾಂತ್ಯದ ಒಡೆಮಿಶ್ ಎಂಬ ಪಟ್ಟಣದಲ್ಲಿ. ತುರ್ಕರು, ಗ್ರೀಕರು, ಅರ್ಮೇನಿಯನ್ನರು, ಯಹೂದಿಯರು ತಲೆತಲಾಂತರದಿಂದ ನೆರೆಹೊರೆಯಲ್ಲಿ ಬಾಳಿದ್ದ ನಾಡು ಅದು. ಮೊದಲನೆಯ ಮಹಾಯುದ್ಧ ಆ ನೆರೆಹೊರೆಯನ್ನು ಒಡೆದುಹಾಕಿತು. 1919ರ ಮೇ 15ರಂದು ಗ್ರೀಕ್ ಸೈನ್ಯ ಇಝ್ಮಿರ್‌ನಲ್ಲಿ ಬಂದಿಳಿಯಿತು. ಅಂದಿನ ಗಲಭೆಯಲ್ಲಿ ಜನರ ನಡುವೆ ನಿಂತಿದ್ದ ಶರೀಫ್‌ಗೆ ಆಗ 12 ವರ್ಷ. ಸೈನಿಕನೊಬ್ಬ ಪಕ್ಕದಲ್ಲಿದ್ದ ವ್ಯಕ್ತಿಯನ್ನು ಬಂದೂಕಿನ ಭರ್ಚಿಯಿಂದ ಇರಿದು ಕೊಂದ. ಬಳಿಕ ಬಾಲಕನ ಎದುರು ನಿಂತ, ಒಂದು ಕ್ಷಣ ನೋಡಿದ, ಏನೂ ಮಾಡದೆ ಮುಂದೆ ಸಾಗಿದ. ತಾನು ಪವಾಡದಂತೆ ಬದುಕುಳಿದೆ ಎಂದು ಶರೀಫ್ ಮುಂದೆ ಹೇಳಿಕೊಂಡಿದ್ದಾರೆ. 1922ರಲ್ಲಿ ತುರ್ಕಿ ಸೈನ್ಯ ನಗರವನ್ನು ಮರಳಿ ಪಡೆದಾಗ ಸಂಕಟ ಇನ್ನೊಂದು ಕಡೆಯವರದಾಯಿತು. ನಗರದ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಗ್ರೀಕರು ಮತ್ತು ಅರ್ಮೇನಿಯನ್ನರು ಹಡಗು ಹತ್ತಿ ಊರು ಬಿಟ್ಟರು. ನೆರೆಯವರೇ ನೆರೆಯವರನ್ನು ಕೊಲ್ಲುವಂತಾದದ್ದು ಹೇಗೆ ಎಂಬ ಪ್ರಶ್ನೆ ಆ ಬಾಲಕನ ಮನಸ್ಸಿನಲ್ಲಿ ಉಳಿಯಿತು.

ಇಝ್ಮಿರ್ ಮತ್ತು ಇಸ್ತಾಂಬುಲ್‌ಗಳಲ್ಲಿ ಕಲಿತು 1929ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಸೇರಿದರು. ನಂತರ ಬರ್ಲಿನ್‌ಗೆ ಹೋಗಿ, ನಾಝಿಗಳು ಅಧಿಕಾರದತ್ತ ಸಾಗುತ್ತಿದ್ದ ದಿನಗಳನ್ನು ಕಣ್ಣಾರೆ ಕಂಡರು. 1935ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಗಾರ್ಡ್ನರ್ ಮರ್ಫಿ ಎಂಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಈ ಮರ್ಫಿಯವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ದೇಶದ ಸಂದರ್ಭದಲ್ಲಿ ಅವರು ಮತ್ತೆ ಬರುತ್ತಾರೆ.

ಕತ್ತಲೆ ಕೋಣೆಯ ಬೆಳಕು

ಡಾಕ್ಟರೇಟಿಗಾಗಿ ಶರೀಫ್ ಮಾಡಿದ ಪ್ರಯೋಗ ಬಹಳ ಸರಳ. ಸಂಪೂರ್ಣ ಕತ್ತಲೆಯ ಕೋಣೆಯಲ್ಲಿ ಸೂಜಿಮೊನೆಯಷ್ಟು ಚಿಕ್ಕ ಬೆಳಕಿನ ಚುಕ್ಕೆಯನ್ನು ತೋರಿಸುತ್ತಾರೆ. ಚುಕ್ಕೆ ನಿಂತಲ್ಲೇ ನಿಂತಿರುತ್ತದೆ. ಆದರೆ ಸುತ್ತ ಬೇರೆ ಯಾವ ಗುರುತೂ ಕಾಣದ ಕಾರಣ ಅದು ಅಲುಗಾಡಿದಂತೆ ನಮ್ಮ ಕಣ್ಣಿಗೆ ತೋರುತ್ತದೆ. ಎಷ್ಟು ದೂರ ಚಲಿಸಿತು ಎಂದು ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರೂ ಒಂದೊಂದು ಅಳತೆ ಹೇಳಿದರು. ಎರಡು ಮೂರು ಜನರನ್ನು ಒಟ್ಟಿಗೆ ಕೂರಿಸಿದಾಗ ಅವರ ಉತ್ತರಗಳು ಮೆಲ್ಲಮೆಲ್ಲನೆ ಒಂದೇ ಅಳತೆಯ ಹತ್ತಿರಕ್ಕೆ ಬಂದವು. ನಂತರ ಅವರನ್ನು ಬೇರೆ ಬೇರೆಯಾಗಿ ಕೇಳಿದರೂ ಗುಂಪಿನಲ್ಲಿ ಮೂಡಿದ ಅಳತೆಯನ್ನೇ ಹೇಳಿದರು.

ಇಲ್ಲಿ ಯಾರೂ ಯಾರನ್ನೂ ಒತ್ತಾಯಿಸಿರಲಿಲ್ಲ. ಸತ್ಯ ಸ್ಪಷ್ಟವಾಗಿ ಕಾಣದ ಕಡೆ ಮನುಷ್ಯ ತನ್ನ ಗುಂಪಿನ ಕಣ್ಣಿನಿಂದ ನೋಡುತ್ತಾನೆ, ಆಮೇಲೆ ಅದನ್ನು ತನ್ನದೇ ನೋಟವೆಂದು ನಂಬುತ್ತಾನೆ ಎಂಬುದು ಇದರಿಂದ ತಿಳಿಯಿತು. ಪರಿಚಯವೇ ಇಲ್ಲದ ಜನರ ಬಗ್ಗೆ ನಮ್ಮಲ್ಲಿ ಬೇರೂರಿರುವ ಅಭಿಪ್ರಾಯಗಳು ಎಲ್ಲಿಂದ ಬಂದವು ಎಂದು ನೀವು ಯಾವಾಗಲಾದರೂ ಯೋಚಿಸಿದ್ದರೆ, ಈ ಕತ್ತಲೆ ಕೋಣೆಯಲ್ಲಿ ಅದಕ್ಕೆ ಒಂದು ಉತ್ತರವಿದೆ. 1936ರಲ್ಲಿ ಈ ಅಧ್ಯಯನ ಪುಸ್ತಕವಾಗಿ ಹೊರಬಂತು.

ಶರೀಫ್ ತುರ್ಕಿಗೆ ಮರಳಿ ಅಂಕಾರಾದಲ್ಲಿ ಬೋಧಕರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತುರ್ಕಿಯಲ್ಲೂ ಜನಾಂಗ ಶ್ರೇಷ್ಠತೆಯ ವಾದ ತಲೆ ಎತ್ತಿತ್ತು. 1943ರಲ್ಲಿ ಶರೀಫ್ ಆ ವಾದವನ್ನು ಖಂಡಿಸಿ ಪುಸ್ತಕ ಬರೆದರು. ಒಂದು ಜನಾಂಗ ಹುಟ್ಟಿನಿಂದಲೇ ಬುದ್ಧಿವಂತ, ಇನ್ನೊಂದು ದಡ್ಡ ಎಂಬ ಮಾತಿಗೆ ವಿಜ್ಞಾನದಲ್ಲಿ ಆಧಾರವಿಲ್ಲ ಎಂದರು. 1944ರಲ್ಲಿ ಅವರ ಬಂಧನವಾಯಿತು. ಬಿಡುಗಡೆಯಾದ ಬಳಿಕ 1945ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ವುಡ್ ಅವರನ್ನು ಮದುವೆಯಾದರು. ಸರಕಾರಿ ನೌಕರರು ವಿದೇಶಿಯರನ್ನು ಮದುವೆಯಾಗಬಾರದೆಂಬ ಕಾನೂನು ಆಗ ತುರ್ಕಿಯಲ್ಲಿ ಇದ್ದುದರಿಂದ ಊರಿನ ಕೆಲಸದ ಬಾಗಿಲು ಮುಚ್ಚಿತು. ಮುಂದಿನ ಸಂಶೋಧನೆಗಳಲ್ಲಿ ಕ್ಯಾರೊಲಿನ್ ಸಮಪಾಲು ಹೊತ್ತರು.

ರಾಬರ್ಸ್ ಕೇವ್ ಶಿಬಿರ, 1954

ಈಗ ಆ ಪ್ರಸಿದ್ಧ ಶಿಬಿರಕ್ಕೆ ಬರೋಣ. ಅಮೆರಿಕದ ಒಕ್ಲಹೋಮಾ ರಾಜ್ಯದ ಬೆಟ್ಟಗಾಡಿನಲ್ಲಿ ರಾಬರ್ಸ್ ಕೇವ್ ಎಂಬ ಉದ್ಯಾನವಿದೆ. 1954ರ ಬೇಸಿಗೆ ರಜೆಯಲ್ಲಿ ಅಲ್ಲಿಗೆ 22 ಹುಡುಗರನ್ನು ಕರೆತರಲಾಯಿತು. ಎಲ್ಲರಿಗೂ ಸುಮಾರು 11 ವರ್ಷ. ಎಲ್ಲರೂ ಬಿಳಿಯರು, ಮಧ್ಯಮ ವರ್ಗದವರು, ಒಂದೇ ಪ್ರೊಟೆಸ್ಟೆಂಟ್ ಪಂಥದ ಕುಟುಂಬಗಳಿಂದ ಬಂದವರು, ಓದಿನಲ್ಲಿ ಸಾಧಾರಣದಿಂದ ಮೇಲಿನವರು. ಜಗಳಗಂಟ ಮಕ್ಕಳನ್ನು ಬೇಕೆಂದೇ ಕೈಬಿಡಲಾಗಿತ್ತು. ಮುಂದೆ ಹಗೆತನ ಹುಟ್ಟಿದರೆ ಅದಕ್ಕೆ ಬಣ್ಣ, ಧರ್ಮ, ಬಡತನ ಅಥವಾ ಕೆಟ್ಟ ಸ್ವಭಾವ ಕಾರಣವೆಂದು ಯಾರೂ ಹೇಳುವಂತಿರಬಾರದು ಎಂಬುದು ಶರೀಫ್ ಅವರ ಲೆಕ್ಕಾಚಾರ.

ಹುಡುಗರನ್ನು 11 ಮಂದಿಯ ಎರಡು ಗುಂಪು ಮಾಡಿ, ಬೇರೆ ಬೇರೆ ಬಸ್ಸಿನಲ್ಲಿ ತಂದು, ದೂರ ದೂರದ ಬಿಡಾರಗಳಲ್ಲಿ ಇಳಿಸಿದರು. ಮೊದಲ ವಾರ ಒಂದು ಗುಂಪಿಗೆ ಇನ್ನೊಂದು ಗುಂಪು ಇದೆಯೆಂಬುದೇ ತಿಳಿಯದು. ಒಟ್ಟಿಗೆ ಈಜಿ, ಅಡುಗೆ ಮಾಡಿ, ಬೆಟ್ಟ ಹತ್ತಿ ಪ್ರತಿ ಗುಂಪೂ ಗಟ್ಟಿಯಾಯಿತು. ಒಂದು ಗುಂಪು ತನಗೆ ರ‍್ಯಾಟ್ಲರ್ಸ್ ಎಂದು ಹೆಸರಿಟ್ಟುಕೊಂಡಿತು. ಬಾಲದಿಂದ ಸದ್ದು ಮಾಡುವ ವಿಷದ ಹಾವಿಗೆ ಅಲ್ಲಿ ಆ ಹೆಸರು. ಇನ್ನೊಂದು ಗುಂಪು ಈಗಲ್ಸ್, ಅಂದರೆ ಹದ್ದುಗಳು. ರ‍್ಯಾಟ್ಲರ್ಸ್‌ನವರಿಗೆ ಒರಟುತನವೇ ಹೆಮ್ಮೆಯಾಯಿತು. ಈಗಲ್ಸ್‌ನವರು ಕೆಟ್ಟ ಮಾತು ಆಡಬಾರದೆಂಬ ನಿಯಮ ಮಾಡಿಕೊಂಡರು.

ಎರಡನೆಯ ವಾರ ಪಂದ್ಯಗಳು ಆರಂಭವಾದವು. ಬೇಸ್‌ಬಾಲ್, ಹಗ್ಗಜಗ್ಗಾಟ, ಡೇರೆ ಕಟ್ಟುವ ಸ್ಪರ್ಧೆ. ಗೆದ್ದ ಗುಂಪಿಗೆ ಪಾರಿತೋಷಕ, ಪದಕ, ಹುಡುಗರು ಆಸೆಪಡುವ ಮಡಿಸುವ ಚಾಕುಗಳು. ಸೋತವರಿಗೆ ಏನೂ ಇಲ್ಲ. ಮೊದಲು ಕೀಟಲೆಯ ಹೆಸರುಗಳು ಬಂದವು. ಹಗ್ಗಜಗ್ಗಾಟದಲ್ಲಿ ಸೋತ ಈಗಲ್ಸ್‌ನವರು ಮೈದಾನದಲ್ಲಿದ್ದ ರ‍್ಯಾಟ್ಲರ್ಸ್ ಬಾವುಟವನ್ನು ಸುಟ್ಟರು. ಮರುದಿನ ಅವರ ಬಾವುಟಕ್ಕೂ ಅದೇ ಗತಿ ಬಂತು. ರಾತ್ರಿ ಬಿಡಾರಗಳ ಮೇಲೆ ದಾಳಿ ನಡೆಯಿತು, ಹಾಸಿಗೆಗಳು ಬುಡಮೇಲಾದವು. ಒಂದು ಗುಂಪು ಇನ್ನೊಂದರ ಜೊತೆ ಊಟಕ್ಕೆ ಕೂರಲು ಒಪ್ಪದಾಯಿತು. ಹುಲ್ಲಿನಲ್ಲಿ ಚೆಲ್ಲಿದ ಅವರೆಕಾಳಿನಂತಹ ಬೀಜಗಳನ್ನು ಆರಿಸುವ ಆಟವೊಂದನ್ನು ಇಟ್ಟು, ಯಾರು ಎಷ್ಟು ಆರಿಸಿದರೆಂದು ಪರದೆಯ ಮೇಲೆ ತೋರಿಸಲಾಯಿತು. ಪ್ರತಿ ಸಲ ತೋರಿಸಿದ್ದು 35 ಬೀಜಗಳನ್ನೇ. ಆದರೂ ತಮ್ಮವನ ಬೀಜಗಳು ಹೆಚ್ಚು, ಎದುರಾಳಿಯ ಬೀಜಗಳು ಕಡಿಮೆ ಎಂದು ಹುಡುಗರಿಗೆ ಕಂಡಿತು. ಕತ್ತಲೆ ಕೋಣೆಯ ಪಾಠ ಹಗಲಿನಲ್ಲೂ ನಿಜವಾಯಿತು!

ಇವರು ಯಾರೂ ಕೆಟ್ಟ ಮಕ್ಕಳಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಕೇವಲ ಎರಡು ವಾರಗಳ ಹಿಂದೆ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದವರು. ಒಬ್ಬರು ಗೆದ್ದರೆ ಇನ್ನೊಬ್ಬರು ಕಳೆದುಕೊಳ್ಳಲೇಬೇಕಾದ ಏರ್ಪಾಡು ಒಂದೇ ಸಾಕಾಗಿತ್ತು.

ಬರಿದಾದ ನೀರಿನ ಕೊಳಾಯಿ

ಮೂರನೆಯ ಹಂತ ಹಗೆ ಅಳಿಸುವುದು. ಮೊದಲು ಶರೀಫ್ ಎರಡು ಗುಂಪುಗಳನ್ನು ಸುಮ್ಮನೆ ಹತ್ತಿರ ತಂದರು. ಒಟ್ಟಿಗೆ ಸಿನಿಮಾ, ಒಟ್ಟಿಗೆ ಊಟ. ಪರಿಣಾಮ? ಊಟದ ಮನೆಯಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ತಿಂಡಿ ಎಸೆದಾಡಿದರು. ಹತ್ತಿರ ಕೂರಿಸಿದ ಮಾತ್ರಕ್ಕೆ ಹಗೆ ಹೋಗುವುದಿಲ್ಲ, ಜಗಳಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ ಎಂಬುದು ಸ್ಪಷ್ಟವಾಯಿತು.

ಆಮೇಲೆ ಶಿಬಿರಕ್ಕೆ ನೀರು ಬರುವುದು ನಿಂತಿತು. ಬೆಟ್ಟದ ಮೇಲಿನ ತೊಟ್ಟಿಯಿಂದ ನೀರು ಬರುವ ಕೊಳವೆಯ ಬಾಯಿಗೆ ಸಂಶೋಧಕರೇ ಗೋಣಿ ತುರುಕಿದ್ದರು. ಬಾಯಾರಿದ ಎರಡೂ ಗುಂಪುಗಳು ಕಾರಣ ಹುಡುಕುತ್ತಾ ತೊಟ್ಟಿಯ ಬಳಿ ಸೇರಿ, ಒಟ್ಟಿಗೆ ಕೆಲಸ ಮಾಡಿ ನೀರು ಹರಿಸಿದವು. ನೀರಿನ ಬಾಟಲಿ ತಂದಿರದ ಈಗಲ್ಸ್‌ನವರಿಗೆ ಮೊದಲು ಕುಡಿಯಲು ರ‍್ಯಾಟ್ಲರ್ಸ್ ದಾರಿ ಬಿಟ್ಟರು. ಆದರೆ ಅಂದು ರಾತ್ರಿ ಊಟದ ಹೊತ್ತಿಗೆ ಮತ್ತೆ ಜಗಳ! ಒಂದೇ ಘಟನೆ ಸಾಲದಾಯಿತು. ಎಲ್ಲರೂ ನೋಡಬಯಸಿದ ಸಿನಿಮಾಕ್ಕೆ ಎರಡೂ ಗುಂಪಿನವರು ತಮ್ಮ ತಮ್ಮ ಪಾಲು ಹಣ ಹಾಕಿದರು. ಊಟ ತರಬೇಕಾದ ಟ್ರಕ್ ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರು. ಅದು ಯಾವ ಹಗ್ಗ ಗೊತ್ತೇ? ಹಿಂದಿನ ವಾರ ಹಗ್ಗಜಗ್ಗಾಟಕ್ಕೆ ಬಳಸಿದ್ದ ಅದೇ ಹಗ್ಗ.

ಇಂತಹ ಕೆಲಸಗಳು ಒಂದರ ಮೇಲೊಂದು ಬಂದಂತೆ ಹಗೆ ಕರಗಿತು. ಜಗಳದ ದಿನಗಳಲ್ಲಿ ಎದುರು ಗುಂಪಿನಿಂದ ಗೆಳೆಯರನ್ನು ಆರಿಸಿದವರ ಆಯ್ಕೆ ನೂರಕ್ಕೆ ಸುಮಾರು 7ರಷ್ಟಿತ್ತು. ಕೊನೆಗೆ ಅದು ರ‍್ಯಾಟ್ಲರ್ಸ್‌ನಲ್ಲಿ ಸುಮಾರು 36ಕ್ಕೆ, ಈಗಲ್ಸ್‌ನಲ್ಲಿ ಸುಮಾರು 23ಕ್ಕೆ ಏರಿತು. ಹಿಂದಿರುಗುವಾಗ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗೋಣ ಎಂದರು. ದಾರಿಯಲ್ಲಿ ಬಸ್ಸು ನಿಂತಾಗ ರ‍್ಯಾಟ್ಲರ್ಸ್‌ನವರು ತಾವು ಗೆದ್ದಿದ್ದ 5 ಡಾಲರಿನಿಂದ ಎಲ್ಲರಿಗೂ ಪಾನೀಯ ಕೊಡಿಸಿದರು.

ಕೈಗೂಡದ ಶಿಬಿರ, 1953

ಪಠ್ಯಪುಸ್ತಕಗಳ ಕಥೆ ಹೆಚ್ಚಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಅದಕ್ಕೂ ಒಂದು ವರ್ಷ ಮೊದಲು, 1953ರಲ್ಲಿ, ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್ ಎಂಬಲ್ಲಿ ಶರೀಫ್ ಇಂತಹದೇ ಶಿಬಿರ ನಡೆಸಿದ್ದರು. ಅದು ಅರ್ಧದಲ್ಲೇ ನಿಂತಿತು. ಆಸ್ಟ್ರೇಲಿಯಾದ ಲೇಖಕಿ, ಮನಶ್ಶಾಸ್ತ್ರಜ್ಞೆ ಜೀನಾ ಪೆರಿ ಹಳೆಯ ದಾಖಲೆಗಳನ್ನು ಹುಡುಕಿ, ಆಗಿನ ಹುಡುಗರು ಮುದುಕರಾದ ಮೇಲೆ ಅವರನ್ನು ಮಾತಾಡಿಸಿ 2018ರಲ್ಲಿ ಪುಸ್ತಕ ಬರೆದರು. ಆಗಲೇ ಈ ಕಥೆ ವಿವರವಾಗಿ ತಿಳಿದದ್ದು.

ಆ ಶಿಬಿರದಲ್ಲಿ 24 ಹುಡುಗರನ್ನು ಆರಂಭದ ಕೆಲವು ದಿನ ಒಟ್ಟಿಗೆ ಇರಿಸಲಾಗಿತ್ತು. ಅಷ್ಟರಲ್ಲಿ ಗೆಳೆತನ ಬೆಳೆಯಿತು. ಆಮೇಲೆ ಅವರನ್ನು ಎರಡು ಗುಂಪು ಮಾಡಿ, ಪಂದ್ಯಗಳನ್ನಿಟ್ಟು, ಹಗೆ ಹುಟ್ಟಲೆಂದು ಕಾದರು. ಹುಟ್ಟಲಿಲ್ಲ. ಒಂದು ಗುಂಪು ಇನ್ನೊಂದನ್ನು ಸಂಶಯಪಡಲೆಂದು ಶಿಬಿರದ ಸಿಬ್ಬಂದಿಯೇ ಗುಟ್ಟಾಗಿ ವಸ್ತುಗಳನ್ನು ಕೆಡಿಸಿದರು. ಹುಡುಗರು ಹೊಡೆದಾಡುವ ಬದಲು ಒಬ್ಬರನ್ನೊಬ್ಬರು ಕರೆದು ಕೇಳಿದರು. ತಾವು ಮಾಡಿಲ್ಲವೆಂದು ಬೈಬಲ್ ಮುಟ್ಟಿ ಪ್ರಮಾಣ ಮಾಡಿದರು. ನಂಬಿದರು. ಹಾಗಾದರೆ ಇದು ದೊಡ್ಡವರ ಕೆಲಸವೇ ಇರಬೇಕು ಎಂಬ ತೀರ್ಮಾನಕ್ಕೆ ಬಂದರು. ಅವರ ಊಹೆ ಸರಿಯಾಗಿತ್ತು.

1954ರಲ್ಲಿ ಶರೀಫ್ ಮೊದಲಿನಿಂದಲೇ ಹುಡುಗರನ್ನು ಬೇರೆ ಬೇರೆ ಇಟ್ಟರು, ಆಗ ಹಗೆ ಹುಟ್ಟಿತು. ಈ ಎರಡು ಶಿಬಿರಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿ. ಮೊದಲೇ ಗೆಳೆಯರಾಗಿದ್ದವರನ್ನು ಬೇರ್ಪಡಿಸಿದರೂ ಕಾದಾಡಿಸಲಾಗಲಿಲ್ಲ. ಒಬ್ಬರನ್ನೊಬ್ಬರು ಅರಿಯದವರನ್ನು ಕಾದಾಡಿಸಲು ಒಂದು ವಾರ ಸಾಕಾಯಿತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ದೊಡ್ಡ ಪಾಠ ಇದೇ.

ಈ ಪ್ರಯೋಗಗಳ ದೋಷಗಳನ್ನೂ ಹೇಳಬೇಕು. ನಿಜವಾದ ಉದ್ದೇಶ ಮಕ್ಕಳಿಗಾಗಲಿ ಹೆತ್ತವರಿಗಾಗಲಿ ತಿಳಿದಿರಲಿಲ್ಲ. ಮಕ್ಕಳನ್ನು ಬೇಕೆಂದೇ ಕೆರಳಿಸಲಾಯಿತು. ಇಂದಿನ ಸಂಶೋಧನಾ ನಿಯಮಗಳು ಇದಕ್ಕೆ ಒಪ್ಪುವುದಿಲ್ಲ. 22 ಹುಡುಗರ ಮೂರು ವಾರದ ಶಿಬಿರದಿಂದ ಇಡೀ ಮಾನವಕುಲದ ನಿಯಮ ಬರೆಯಲಾಗದು ಎಂಬ ಆಕ್ಷೇಪವೂ ಸರಿಯೇ. ಆದ್ದರಿಂದ ಬೇರೆ ಕಡೆಗಳಲ್ಲಿ ಏನಾಯಿತು ಎಂದು ನೋಡುವುದು ಅಗತ್ಯ.

ಬೈರೂತಿನಿಂದ ಕಲ್ಲಿಕೋಟೆಯವರೆಗೆ

1963ರಲ್ಲಿ ಲೆಬನಾನಿನ ಬೈರೂತಿನಲ್ಲಿ ಲುತ್ಫಿ ದಿಯಾಬ್ ಎಂಬ ಮನಶ್ಶಾಸ್ತ್ರಜ್ಞರು 18 ಹುಡುಗರ ಶಿಬಿರ ನಡೆಸಿದರು. ಅವರಲ್ಲಿ 10 ಮಂದಿ ಕ್ರೈಸ್ತರು, 8 ಮಂದಿ ಮುಸ್ಲಿಮರು. ಎರಡೂ ಗುಂಪುಗಳಲ್ಲಿ ಎರಡೂ ಧರ್ಮದವರು ಬೆರೆತಿದ್ದರು. ಒಂದು ಗುಂಪಿನ ಹೆಸರು ನೀಲಿ ಭೂತಗಳು, ಇನ್ನೊಂದರದ್ದು ಕೆಂಪು ಜಿನ್ನ್‌ಗಳು. ಜಗಳ ಎಷ್ಟು ವಿಕೋಪಕ್ಕೆ ಹೋಯಿತೆಂದರೆ ಶಿಬಿರವನ್ನೇ ನಿಲ್ಲಿಸಬೇಕಾಯಿತು. ಆದರೆ ಆ ಜಗಳ ಮುಸ್ಲಿಮರಿಗೂ ಕ್ರೈಸ್ತರಿಗೂ ನಡುವೆ ಆಗಿರಲಿಲ್ಲ, ನೀಲಿಗೂ ಕೆಂಪಿಗೂ ನಡುವೆ ಆಗಿತ್ತು. 1975ರಲ್ಲಿ ಯಾವ ನಾಡಿನಲ್ಲಿ ಅಂತರ್ಯುದ್ಧ ಆರಂಭವಾಯಿತೋ ಅದೇ ನಾಡಿನ ಮಕ್ಕಳು, ಒಂದು ಗುಂಪಿನಲ್ಲಿ ಒಟ್ಟಿಗಿದ್ದಾಗ, ಧರ್ಮದ ಗೆರೆಯಲ್ಲಿ ಒಡೆಯಲಿಲ್ಲ.

ಇನ್ನು ನಮ್ಮ ದೇಶ. ಶರೀಫ್ ಅವರ ಗುರು ಗಾರ್ಡ್ನರ್ ಮರ್ಫಿ 1950ರಲ್ಲಿ ಯುನೆಸ್ಕೋ ಮೂಲಕ ಭಾರತಕ್ಕೆ ಬಂದರು. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಭಾರತೀಯ ಮನಶ್ಶಾಸ್ತ್ರಜ್ಞರ ಜೊತೆ ಸೇರಿ ಹಿಂದೂ ಮುಸ್ಲಿಮರ ನಡುವಿನ ಮನಸ್ತಾಪದ ಬೇರುಗಳನ್ನು ಹುಡುಕಿ, 1953ರಲ್ಲಿ ಪುಸ್ತಕ ಪ್ರಕಟಿಸಿದರು.

ಅರ್ಧ ಶತಮಾನದ ಬಳಿಕ, 2002ರಲ್ಲಿ, ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಇನ್ನೊಂದು ಮಹತ್ವದ ಅಧ್ಯಯನ ಹೊರತಂದರು. 1950ರಿಂದ 1995ರವರೆಗಿನ ಕೋಮುಗಲಭೆಗಳನ್ನು ಪರಿಶೀಲಿಸಿ, ಗಲಭೆ ಕಂಡ ನಗರವನ್ನು ಶಾಂತವಾಗಿ ಉಳಿದ ನಗರದ ಜೊತೆ ಹೋಲಿಸಿದರು. ಅಲೀಗಢಕ್ಕೆ ಕಲ್ಲಿಕೋಟೆ, ಹೈದರಾಬಾದಿಗೆ ಲಖನೌ, ಅಹಮದಾಬಾದಿಗೆ ಸೂರತ್. ಅವರು ಕಂಡದ್ದೇನು? ಬೀದಿಯಲ್ಲಿ ಕುಶಲ ವಿಚಾರಿಸುವುದು, ಹಬ್ಬಕ್ಕೆ ಸಿಹಿ ಹಂಚುವುದು ಹಳ್ಳಿಗಳಲ್ಲಿ ಸಾಕಾಗಬಹುದು, ದೊಡ್ಡ ನಗರಗಳಲ್ಲಿ ಸಾಲದು. ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಓದುಗರ ಸಂಘ, ವೃತ್ತಿ ಸಂಘ ಇವುಗಳಲ್ಲಿ ಎರಡೂ ಸಮುದಾಯದವರು ಒಟ್ಟಿಗೆ ಸದಸ್ಯರಾಗಿ ಕೆಲಸ ಮಾಡುವಲ್ಲಿ ಗಾಳಿಸುದ್ದಿ ಬೆಂಕಿಯಾಗುವುದಿಲ್ಲ. ಕೆರಳಿಸುವವರು ಬಂದಾಗ ಅಲ್ಲಿಯವರು, ಮಿಡಲ್ ಗ್ರೋವ್‌ನ ಹುಡುಗರಂತೆ, ಪರಸ್ಪರ ಕೇಳಿ ತಿಳಿದುಕೊಳ್ಳುತ್ತಾರೆ.

ತರಗತಿಯಲ್ಲಿ ಏನು ಮಾಡಬಹುದು?

ಶಿಕ್ಷಕರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ ಮತ್ತು ಮೆಕ್ಸಿಕೋ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಂದೇ ಶಾಲೆಗಳಲ್ಲಿ ಸೇರಿಸಿದಾಗ ಹೊಡೆದಾಟಗಳಾದವು. ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರನ್ನು ಕರೆಸಲಾಯಿತು. ಅವರು ಮಕ್ಕಳನ್ನು ಐದಾರು ಮಂದಿಯ ಮಿಶ್ರ ಗುಂಪುಗಳನ್ನಾಗಿ ಮಾಡಿ, ಪಾಠವನ್ನು ಅಷ್ಟೇ ತುಂಡುಗಳನ್ನಾಗಿ ಹಂಚಿದರು. ಪ್ರತಿ ಮಗುವಿಗೆ ಒಂದು ತುಂಡು. ಅದನ್ನು ಕಲಿತು ಉಳಿದವರಿಗೆ ಕಲಿಸಬೇಕು. ಪರೀಕ್ಷೆ ಇಡೀ ಪಾಠದ ಮೇಲೆ. ತಡವರಿಸಿ ಮಾತಾಡುವ ಹುಡುಗನನ್ನು ಗೇಲಿ ಮಾಡಿದರೆ ಗೇಲಿ ಮಾಡಿದವನಿಗೇ ನಷ್ಟ. ಕೆಲವೇ ವಾರಗಳಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಇಷ್ಟಪಡತೊಡಗಿದರು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ಪಾಠವನ್ನು ಐದು ಹಾಳೆಗಳಲ್ಲಿ ಬರೆದರೆ ಸಾಕು, ನಮ್ಮ ಯಾವ ಶಾಲೆಯಲ್ಲೂ ಮಾಡಿ ನೋಡಬಹುದು.

ರಾಬರ್ಸ್ ಕೇವ್ ಶಿಬಿರ ನಡೆದ 1954ರಲ್ಲೇ ಗಾರ್ಡನ್ ಆಲ್‌ಪೋರ್ಟ್ ಎಂಬ ವಿದ್ವಾಂಸರು ಪೂರ್ವಾಗ್ರಹದ ಕುರಿತ ತಮ್ಮ ಗ್ರಂಥದಲ್ಲಿ, ಗುಂಪುಗಳು ಹತ್ತಿರವಾಗಲು ಬೇಕಾದ ನಾಲ್ಕು ಸಂಗತಿಗಳನ್ನು ಹೇಳಿದರು. ಸಮಾನ ಸ್ಥಾನ, ಸಮಾನ ಗುರಿ, ಕೂಡಿ ದುಡಿಯುವ ಕೆಲಸ, ಮತ್ತು ಹಿರಿಯರ ಹಾಗೂ ಸಂಸ್ಥೆಗಳ ಬೆಂಬಲ. ನಾಲ್ಕನೆಯದು ನಮ್ಮ ನಿಮ್ಮಂತಹವರ ಕೈಯಲ್ಲಿದೆ.

ಕೊನೆಯದಾಗಿ ಒಂದು ಮಾತು

ಪ್ರಿಯ ಓದುಗರೇ, ಸಮುದಾಯದ ವಿದ್ಯಾಸಂಸ್ಥೆಗಳು ಏಕೆ ಬೇಕಾದವೆಂದು ನಿಮಗೆ ಗೊತ್ತಿದೆ. ಅವು ಇಲ್ಲದಿದ್ದರೆ ಎಷ್ಟೋ ಬಡ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ಸೇವೆಯನ್ನು ಕಡಿಮೆ ಎಂದು ಯಾರೂ ಹೇಳಲಾರರು. ಆದರೆ ಶರೀಫ್ ಅವರ ಎರಡು ಶಿಬಿರಗಳು ನಮ್ಮ ಮುಂದೆ ಒಂದು ಕಠಿಣ ಪ್ರಶ್ನೆಯನ್ನು ಇಡುತ್ತವೆ. ನಮ್ಮ ಮಗು ಎಲ್‌ಕೆಜಿಯಿಂದ ಕಾಲೇಜಿನವರೆಗೆ ಬೇರೆ ಸಮುದಾಯದ ಒಬ್ಬನೇ ಒಬ್ಬ ಗೆಳೆಯನನ್ನೂ ಪಡೆಯದೆ ಬೆಳೆದರೆ, ಅದು 1953ರ ಶಿಬಿರದಲ್ಲಿದೆಯೇ, 1954ರ ಶಿಬಿರದ ಮೊದಲ ವಾರದಲ್ಲಿದೆಯೇ? ಈ ಪ್ರಶ್ನೆ ನಮಗೆ ಮಾತ್ರವಲ್ಲ, ಎಲ್ಲ ಸಮುದಾಯಗಳ ಶಾಲೆಗಳಿಗೂ ಅನ್ವಯಿಸುತ್ತದೆ. ಮೊದಲು ಉತ್ತರ ಕೊಡುವವರು ನಾವೇ ಆದರೆ ಅದರಲ್ಲಿ ನಷ್ಟವೇನಿಲ್ಲ.

ಪಕ್ಕದ ಶಾಲೆಯ ಮಕ್ಕಳನ್ನು ಪಂದ್ಯಕ್ಕೆ ಮಾತ್ರ ಕರೆಯಬೇಡಿ. ಎರಡೂ ಶಾಲೆಯವರು ಬೆರೆತ ತಂಡಗಳನ್ನು ಮಾಡಿ ಆಡಿಸಿ. ವಿಜ್ಞಾನ ಮೇಳವನ್ನು ಜಂಟಿಯಾಗಿ ನಡೆಸಿ. ಊರಿನ ಕೆರೆ ಸ್ವಚ್ಛಗೊಳಿಸುವ ಕೆಲಸಕ್ಕೆ ಎಲ್ಲರ ಮಕ್ಕಳೂ ಒಂದೇ ದಿನ, ಒಂದೇ ಗುದ್ದಲಿ ಹಿಡಿಯಲಿ. ಒಂದು ದಿನದ ಕಾರ್ಯಕ್ರಮ ಮಾಡಿ ಫೋಟೋ ತೆಗೆಸಿಕೊಂಡು ಸುಮ್ಮನಾಗಬೇಡಿ. ನೀರು ಬಂದ ರಾತ್ರಿಯೇ ಜಗಳ ಮತ್ತೆ ಶುರುವಾಗಿತ್ತು ಎಂಬುದನ್ನು ಮರೆಯಬೇಡಿ.

ಮುಝಫ್ಫರ್ ಶರೀಫ್ 1988ರಲ್ಲಿ ಅಲಾಸ್ಕಾದಲ್ಲಿ ನಿಧನರಾದರು. ಇಝ್ಮಿರ್‌ನ ಬೀದಿಯಲ್ಲಿ ನಿಂತಿದ್ದ ಬಾಲಕನನ್ನು ಕಾಡಿದ ಪ್ರಶ್ನೆಗೆ ಅವರಿಗೆ ಪೂರ್ಣ ಉತ್ತರ ಸಿಗದಿರಬಹುದು. ಆದರೆ ಹಗೆ ಯಾರ ರಕ್ತದಲ್ಲೂ ಇಲ್ಲ, ಅದನ್ನು ಪರಿಸ್ಥಿತಿ ಬೆಳೆಸುತ್ತದೆ, ಪರಿಸ್ಥಿತಿಯನ್ನು ಬದಲಿಸುವುದು ಮನುಷ್ಯರ ಕೈಯಲ್ಲಿದೆ ಎಂದು ಅವರು ತೋರಿಸಿಕೊಟ್ಟರು. ಮಕ್ಕಳ ಕೈಗೆ ಹಗ್ಗ ಕೊಡುವವರು ಹಿರಿಯರಾದ ನಾವು. ಎದುರುಬದುರು ನಿಂತು ಜಗ್ಗಲು ಕೊಡುತ್ತೇವೆಯೋ, ಕೆಟ್ಟು ನಿಂತ ಗಾಡಿಯನ್ನು ಒಟ್ಟಿಗೆ ಎಳೆಯಲು ಕೊಡುತ್ತೇವೆಯೋ ಎಂಬುದನ್ನು ನಾವೇ ತೀರ್ಮಾನಿಸಬೇಕು.